ಮುತ್ತಿನೋಲೆಯ ಹುಡುಗಿಯಿಂದ ಮುಖ ಬರೆಯಲು ಕಲಿಯೋಣ

ಎಲ್ಲರಿಗೂ ನಮಸ್ಕಾರ.

ತೈಲವರ್ಣದಲ್ಲಿ ಮುಖ ಬರೆಯುವುದನ್ನು ಎಲ್ಲಿಂದ ಶುರು ಮಾಡಬೇಕು ಎಂದು ಹೊಸಬರು ಕೇಳುತ್ತಲೇ ಇರುತ್ತಾರೆ. ಹಳೆಯ ಒಳ್ಳೆಯ ಚಿತ್ರವೊಂದನ್ನು ಎದುರಿಗಿಟ್ಟುಕೊಂಡು ಪ್ರತಿ ಮಾಡಿ ಅನ್ನುತ್ತೇನೆ. ಕೆಲವರ ಮುಖ ಸಪ್ಪಗಾಗುತ್ತದೆ. ನಕಲು ಮಾಡಿದರೆ ಸ್ವಂತಿಕೆ ಹೋಗುತ್ತದೆ ಎಂಬ ಭಯ ಅಲ್ವಾ? ಹತ್ತೊಂಬತ್ತನೇ ಶತಮಾನದ ಫ್ರೆಂಚ್ ಚಿತ್ರಕಾರರಾದ ದೆಗಾ, ಮಾನೆ ಇಬ್ಬರೂ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿ ಹಳಬರ ಚಿತ್ರಗಳನ್ನು ಪ್ರತಿ ಮಾಡುತ್ತಾ ಕೈ ಪಳಗಿಸಿಕೊಂಡವರು. ಅಲ್ಲಿ ಇವತ್ತಿಗೂ ಕಲಾವಿದರು ಈಸಲ್ ಹಾಕಿ ನಿಲ್ಲುತ್ತಾರೆ. ಪ್ರತಿ ಮಾತ್ರ ಮೂಲದ ಅಳತೆಯಲ್ಲೇ ಇರುವಂತಿಲ್ಲ.

ಇವತ್ತು ನಾನು ಆರಿಸಿಕೊಂಡದ್ದು ಡಚ್ ಚಿತ್ರಕಾರ ವರ್ಮೀರನ 'ಮುತ್ತಿನೋಲೆಯ ಹುಡುಗಿ'. ಸುಮಾರು 1665ರ ಚಿತ್ರ, ನೆದರ್ಲೆಂಡ್ಸಿನ ಹೇಗ್ ನಗರದಲ್ಲಿದೆ. ಅಳತೆ 44.5 × 39 ಸೆಂ.ಮೀ. ಅಷ್ಟೇ. ಒಂದು ಮುಖ, ಒಂದು ರುಮಾಲು, ಖಾಲಿ ಹಿನ್ನೆಲೆ. ಕಲಿಯುವವರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು?

2018ರಲ್ಲಿ ಈ ಚಿತ್ರವನ್ನು ಯಂತ್ರಗಳಿಂದ ಪದರ ಪದರವಾಗಿ ಪರೀಕ್ಷಿಸಿದರು. ವರ್ಮೀರ್ ಮೊದಲು ಕಂದು, ಕಪ್ಪು ಬಣ್ಣಗಳಲ್ಲೇ ಇಡೀ ಚಿತ್ರವನ್ನು ಕೂರಿಸಿಕೊಂಡಿದ್ದ ಎಂದು ಗೊತ್ತಾಯಿತು. ಕಿವಿಯ ಜಾಗವನ್ನೂ ಆಮೇಲೆ ಬದಲಿಸಿದ್ದಾನೆ. ನಾವೂ ಹಾಗೇ ಮಾಡೋಣ. ಬರ್ನ್ಟ್ ಅಂಬರ್ ಎಂಬ ಗಾಢ ಕಂದು ಬಣ್ಣವನ್ನು ಟರ್ಪೆಂಟೈನಿನಲ್ಲಿ ತೆಳುವಾಗಿ ಕಲಸಿ, ಬರೀ ನೆರಳು-ಬೆಳಕನ್ನು ಹಾಕಿ. ಕಣ್ಣು ಕಿರಿದು ಮಾಡಿ ನೋಡಿದಾಗ ಮುಖ ನಿಂತಿದೆ ಅನ್ನಿಸಬೇಕು. ಅಲ್ಲಿಯವರೆಗೆ ಬೇರೆ ಬಣ್ಣ ಮುಟ್ಟಬೇಡಿ. ಆಮೇಲಿನ ಪದರಗಳಿಗೆ ಅಗಸೆ ಎಣ್ಣೆ ಸ್ವಲ್ಪ ಸ್ವಲ್ಪ ಜಾಸ್ತಿಯಾಗುತ್ತಾ ಹೋಗಲಿ. ಕೆಳಗೆ ಎಣ್ಣೆ ಜಾಸ್ತಿಯಾಗಿ ಮೇಲೆ ಕಡಿಮೆಯಾದರೆ ಮುಂದೆ ಬಣ್ಣ ಬಿರುಕು ಬಿಡುತ್ತದೆ.

ಈಗ ಮೂಗನ್ನು ನೋಡಿ. ದಯವಿಟ್ಟು ನಿಧಾನವಾಗಿ ನೋಡಿ. ಮೂಗಿನ ದಿಂಡು ಎಲ್ಲಿ ಮುಗಿಯಿತು, ಕೆನ್ನೆ ಎಲ್ಲಿ ಶುರುವಾಯಿತು? ನಡುವೆ ಗೆರೆಯೇ ಇಲ್ಲ. ಒಂದೇ ಬಣ್ಣ ಹರಿದುಕೊಂಡು ಹೋಗಿದೆ. ಆದರೂ ನಮಗೆ ಮೂಗು ಕಾಣುತ್ತದೆ! ಪೆನ್ಸಿಲ್ ಹಿಡಿದು ಕಲಿತ ಕೈ ಇಲ್ಲಿ ಗೆರೆ ಎಳೆಯಲು ಹವಣಿಸುತ್ತದೆ. ಅದನ್ನು ತಡೆಯುವುದೇ ಈ ಪ್ರತಿಯ ಮುಖ್ಯ ಪಾಠ. ಮುತ್ತೂ ಅಷ್ಟೇ. ಮೇಲೆ ಒಂದು ದಪ್ಪ ಬಿಳಿ ಚುಕ್ಕೆ, ಕೆಳಗೆ ಬಿಳಿ ಕಾಲರಿನ ಮಸುಕು ಪ್ರತಿಬಿಂಬ. ಕಿವಿಗೆ ಸಿಕ್ಕಿಸುವ ಕೊಂಡಿಯೂ ಇಲ್ಲ. ಮಿಕ್ಕಿದ್ದನ್ನು ನಮ್ಮ ಕಣ್ಣು ತುಂಬಿಕೊಳ್ಳುತ್ತದೆ. ಮುತ್ತಿನ ಸುತ್ತ ವೃತ್ತ ಬರೆದಿರೋ, ಕೆಟ್ಟಿತು.

ಹಿನ್ನೆಲೆಯನ್ನು ಸುಮ್ನೆ ಕಪ್ಪು ಬಳಿದು ಬಿಡಬೇಡಿ. ಅಲ್ಲಿ ಮೊದಲು ಹಸಿರು ಪರದೆ ಇತ್ತು. ಕಪ್ಪಿನ ಮೇಲೆ ಹಸಿರಿನ ತೆಳು ಪದರ ಹಾಕಿದ್ದ, ಅದು ಕಾಲಾಂತರದಲ್ಲಿ ಮಾಸಿದೆ. ನೀವೂ ಕಪ್ಪು ಒಣಗಿದ ಮೇಲೆ ಹಸಿರನ್ನು ತೆಳುವಾಗಿ ಎಳೆದು ನೋಡಿ. ಕೆನ್ನೆ ತಾನಾಗಿ ಮುಂದೆ ಬರುತ್ತದೆ.

ಇನ್ನು ಬಣ್ಣಗಳು. ರುಮಾಲಿನ ನೀಲಿಗೆ ಅವನು ಬಳಸಿದ್ದು ಲ್ಯಾಪಿಸ್ ಲಾಜುಲಿ ಕಲ್ಲಿನಿಂದ ತೆಗೆದ ದುಬಾರಿ ಅಲ್ಟ್ರಾಮರೀನ್. ನಮಗೆ ಅಂಗಡಿಯ ಟ್ಯೂಬ್ ಸಾಕು. ಅವನ ಸೀಸದ ಬಿಳಿ ವಿಷ, ಟೈಟಾನಿಯಂ ಬಿಳಿ ತೊಗೊಳ್ಳಿ.

ಪ್ರತಿ ಮುಗಿದ ಮೇಲೆ ಹಿಂಬದಿಯಲ್ಲಿ 'ವರ್ಮೀರನ ಚಿತ್ರದ ಪ್ರತಿ' ಎಂದು ಬರೆದು ನಿಮ್ಮ ಹೆಸರು, ತಾರೀಕು ಹಾಕಿ. ಆಮೇಲೆ ತಡಮಾಡಬೇಡಿ. ಅದೇ ವಾರ ಮನೆಯವರನ್ನೋ ಗೆಳೆಯರನ್ನೋ ಕಿಟಕಿ ಪಕ್ಕ ಕೂರಿಸಿ, ಬೆಳಕು ಒಂದೇ ಕಡೆಯಿಂದ ಬೀಳುವಂತೆ ನೋಡಿಕೊಂಡು, ಅದೇ ಕಂದು ಬಣ್ಣದಿಂದ ಶುರು ಮಾಡಿ.