ಎಲ್ಕ್‌ಹಾರ್ನ್ ರ‍್ಯಾಂಚ್: ಹುಲ್ಲು ಮುಗಿದ ಮೇಲೆ

ನಾರ್ತ್ ಡಕೋಟಾದ ಮೆಡೋರಾ ಊರಿಂದ ಉತ್ತರಕ್ಕೆ ಸುಮಾರು 35 ಮೈಲಿ, ಲಿಟಲ್ ಮಿಸೌರಿ ನದಿಯ ದಂಡೆ. ಹುಲ್ಲಿನ ನಡುವೆ ತಲೆ ಎತ್ತಿರೋ ಈ ಕಲ್ಲುಗಳು ಒಂದು ಮನೆಯ ಅಡಿಪಾಯ. ಮುಂದೆ ಅಮೆರಿಕದ ಅಧ್ಯಕ್ಷನಾದ ಥಿಯೋಡರ್ ರೂಸ್‌ವೆಲ್ಟ್ ಮನೆ. 60 ಅಡಿ ಉದ್ದ, 30 ಅಡಿ ಅಗಲ, ಎಂಟು ಕೋಣೆ, ನದಿಗೆ ಮುಖ ಮಾಡಿದ ಜಗಲಿ. ಇವತ್ತು ಒಂದು ತೊಲೆಯೂ ಇಲ್ಲ.

1884ರ ಫೆಬ್ರವರಿ 14ರಂದು, ನ್ಯೂಯಾರ್ಕಿನ ಒಂದೇ ಮನೆಯಲ್ಲಿ ಅವನ ತಾಯಿಯೂ ತೀರಿಕೊಂಡ್ರು, ಹೆಂಡತಿಯೂ ತೀರಿಕೊಂಡ್ಳು. ಮಗು ಹುಟ್ಟಿ ಎರಡೇ ದಿನ ಆಗಿತ್ತು. ಆ ದುಃಖ ಹೊತ್ತು ಬೇಸಿಗೆಯಲ್ಲಿ ರ‍್ಯಾಂಚ್, ಅಂದ್ರೆ ದನ ಸಾಕೋ ಜಾಗ, ಮಾಡೋಕೆ ಇಲ್ಲಿಗೆ ಬಂದ. ಕೊಂಬಿಗೆ ಕೊಂಬು ಸಿಕ್ಕಿಹಾಕಿಕೊಂಡು ಸತ್ತ, ದೊಡ್ಡ ಜಿಂಕೆ ಜಾತಿಯ ಎರಡು ಎಲ್ಕ್‌ಗಳ ಬುರುಡೆ ಇಲ್ಲಿ ಬಿದ್ದಿದ್ವು, ಜಾಗಕ್ಕೆ ಎಲ್ಕ್‌ಹಾರ್ನ್, ಅಂದ್ರೆ ಎಲ್ಕ್ ಕೊಂಬು, ಅನ್ನೋ ಹೆಸರು ಬಂದಿದ್ದು ಅದರಿಂದ. ಮೇನ್ ರಾಜ್ಯದಿಂದ ಬಂದ ಬಿಲ್ ಸೂವಲ್ ಮತ್ತು ವಿಲ್ಮಟ್ ಡೌ ಕಾಟನ್‌ವುಡ್ ಮರದ ದಿಮ್ಮಿಗಳಿಂದ ಮನೆ ಎಬ್ಬಿಸಿದ್ರು.

ಈ ಸೂವಲ್ ಬಂದ ಹೊಸದರಲ್ಲೇ ಹೇಳಿದ್ದ, ಇದು ದನ ಸಾಕೋ ಸೀಮೆ ಅಲ್ಲ ಅಂತ. ರೂಸ್‌ವೆಲ್ಟ್ ಕೇಳಲಿಲ್ಲ. ನನಗೆ ಈ ಇಡೀ ಕಥೇಲಿ ದೊಡ್ಡ ಮನುಷ್ಯ ಅನ್ಸೋದು ಸೂವಲ್ಲೇ.

ಏನಾಯ್ತು ಅಂದ್ರೆ, ಈ ನೆಲ ರೂಸ್‌ವೆಲ್ಟ್‌ದಾಗಿರಲಿಲ್ಲ. ನಮ್ಮೂರ ಗೋಮಾಳ ಇದ್ದ ಹಾಗೆ: ಬೇಲಿ ಇಲ್ಲ, ಎಲ್ಲರ ದನವೂ ಮೇಯ್ತಿತ್ತು, ಯಾರದು ಅಂತ ಗೊತ್ತಾಗೋಕೆ ಮೈಮೇಲೆ ಬರೆ. ಚರ್ಮದ ವ್ಯಾಪಾರಕ್ಕಾಗಿ ಇಲ್ಲಿನ ಕಾಡುಕೋಣ, ಅಂದ್ರೆ ಬೈಸನ್‌ಗಳನ್ನ ಆಗಲೇ ಕೊಂದು ಮುಗಿಸಿದ್ರು. ಖಾಲಿಯಾದ ಹುಲ್ಲುಗಾವಲಿಗೆ, ರೈಲು ಬಂದಿದ್ದೇ ತಡ, ದನ ತಂದು ಸುರಿದ್ರು. ಇಷ್ಟೇ ಸಾಕು ಅನ್ನೋರು ಯಾರೂ ಇರಲಿಲ್ಲ. 1886ರ ಬೇಸಿಗೆ ಮಳೆ ಕೈಕೊಡ್ತು, ಇದ್ದ ಹುಲ್ಲು ಬುಡದವರೆಗೂ ಸವೆದು ಹೋಯ್ತು. ಸೂವಲ್, ಡೌ ಇಬ್ಬರೂ ಚಳಿಗಾಲಕ್ಕೆ ಮುಂಚೆ ಊರಿಗೆ ವಾಪಸ್ ಹೋದ್ರು.

ನವೆಂಬರ್‌ನಿಂದ ಹಿಮ ಶುರುವಾಯ್ತು. ಮೇಲ್ಪದರ ಕರಗಿ ಮತ್ತೆ ಹೆಪ್ಪುಗಟ್ಟಿ ಮಂಜುಗಡ್ಡೆ ಆಯ್ತು. ಬೈಸನ್ ತಲೆಯಿಂದಲೇ ಹಿಮ ಸರಿಸಿ ಮೇಯುತ್ತೆ, ದನಕ್ಕೆ ಆ ಅಭ್ಯಾಸ ಇಲ್ಲ. ಗಾಳಿಗೆ ಬೆನ್ನು ಕೊಟ್ಟು ಕೊರಕಲುಗಳಿಗೆ ಇಳಿದವು ಅಲ್ಲೇ ನಿಂತಲ್ಲೇ ಹೂತುಹೋದ್ವು. ಮಾರ್ಚ್‌ನಲ್ಲಿ ಮಂಜು ಒಡೆದಾಗ ನದಿ ತುಂಬ ದನದ ಹೆಣ. ರೂಸ್‌ವೆಲ್ಟ್ ಆ ಚಳಿಗಾಲ ಯುರೋಪಿನಲ್ಲಿದ್ದ. ಬಂದು ನೋಡಿದರೆ ಹಿಂಡಿನಲ್ಲಿ ಅರ್ಧಕ್ಕೂ ಹೆಚ್ಚು ಹೋಗಿತ್ತು. 80 ಸಾವಿರ ಡಾಲರ್‌ಗೂ ಜಾಸ್ತಿ ಹಾಕಿದ್ದ.

ಆಮೇಲೆ ಬರೋದು ಕಮ್ಮಿಯಾಯ್ತು. 1898ರಲ್ಲಿ ಉಳಿದದ್ದನ್ನೂ ಮಾರಿದ. ಬಿಟ್ಟ ಮನೆಯ ಮರಮುಟ್ಟು ಎಷ್ಟು ದಿನ ಉಳಿಯುತ್ತೆ? 1901ಕ್ಕೆ, ಅವನು ಅಧ್ಯಕ್ಷನಾದ ವರ್ಷಕ್ಕೆ, ಇಲ್ಲಿ ಇದ್ದದ್ದು ಅರ್ಧ ಕೊಳೆತ ಅಡಿಪಾಯ ಮಾತ್ರ. ಅದೇ ಮನುಷ್ಯ ಅಧಿಕಾರದಲ್ಲಿದ್ದಾಗ ಸುಮಾರು 23 ಕೋಟಿ ಎಕರೆ ನೆಲವನ್ನ ರಕ್ಷಣೆಗೆ ತಂದ.

ಈಗ ಇದು ಅವನ ಹೆಸರಿನ ರಾಷ್ಟ್ರೀಯ ಉದ್ಯಾನದ ಭಾಗ, ಬರೀ 218 ಎಕರೆ. ಸುತ್ತ ಬಾಕನ್ ಅನ್ನೋ ಕಚ್ಚಾ ಎಣ್ಣೆ ಸೀಮೆ, ಎಣ್ಣೆ ಬಾವಿ ಕೊರೀತಾನೇ ಇದ್ದಾರೆ. ಕಲ್ಲು ಕಾಯೋದಲ್ಲ, ಈ ಕಣಿವೆಯ ಮೌನ, ನದಿಯಾಚೆಯ ದಿಬ್ಬಗಳು, ಎಲ್ಲವನ್ನೂ ಸೇರಿಸಿ ಕಾಯಬೇಕು. ಲಾರಿ ಓಡಾಟ, ಹೊಸ ಬಾವಿ ಈ ದಿಬ್ಬಗಳ ಈಚೆಗೆ ಬರಲೇಬಾರದು.