ಗ್ರಾಫಿಕ್ಸ್ ಕಾರ್ಡ್ ಹೊಸದು, ಆದರೂ ಗೇಮ್ ತಡವರಿಸುತ್ತದೆ: ಪ್ರೊಸೆಸರ್ ಆರಿಸುವ ಲೆಕ್ಕ

[ಸ್ಕ್ರೀನ್‌ನಲ್ಲಿ: ಡ್ರ್ಯಾಗನ್ಸ್ ಡಾಗ್ಮಾ 2. ಊರ ಹೊರಗಿನ ಬಯಲು. ಮೂಲೆಯಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಬರುವ ಚಿತ್ರಗಳ ಸಂಖ್ಯೆ) ಮತ್ತು ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಬಳಕೆಯ ಮೀಟರ್.]

ನಮಸ್ಕಾರ. ಇದು ಡ್ರ್ಯಾಗನ್ಸ್ ಡಾಗ್ಮಾ 2, 2024ರ ಮಾರ್ಚ್‌ನಲ್ಲಿ ಬಂದ ಗೇಮ್. ಈಗ ಬಯಲಲ್ಲಿದ್ದೇವೆ. ಹುಲ್ಲು, ಮರ, ಬೆಟ್ಟ, ದೂರದಲ್ಲಿ ಒಂದೆರಡು ಗಾಬ್ಲಿನ್. ಗೇಮ್ ಸಲೀಸಾಗಿ ಓಡುತ್ತಿದೆ. ಇನ್ನು ವರ್ನ್‌ವರ್ತ್ ಊರಿನ ಬಾಗಿಲು ದಾಟಿ ಒಳಗೆ ಹೋಗೋಣ.

[ಕಟ್: ಜನ ತುಂಬಿದ ಬೀದಿ. ಎಫ್‌ಪಿಎಸ್ ಇಳಿಯುತ್ತದೆ. ಜಿಪಿಯು ಬಳಕೆಯ ಅಂಕಿಗೆ ಕೆಂಪು ವೃತ್ತ.]

ಎಫ್‌ಪಿಎಸ್ ಬಿತ್ತು. ಕ್ಯಾಮೆರಾ ತಿರುಗಿಸಿದರೆ ಜಗ್ಗಿದ ಹಾಗಾಗುತ್ತದೆ. ಆದರೆ ನೀವು ನೋಡಬೇಕಾದದ್ದು ಪಕ್ಕದ ಅಂಕಿ. ಗ್ರಾಫಿಕ್ಸ್ ಕಾರ್ಡಿನ ಬಳಕೆ ಏರಲಿಲ್ಲ, ಇಳಿಯಿತು! ಅಂದರೆ ಕಾರ್ಡಿಗೆ ಸುಸ್ತಾಗಿಲ್ಲ. ಕೆಲಸ ಬರಲಿ ಅಂತ ಕಾಯುತ್ತಾ ಕೂತಿದೆ.

ಗೇಮ್ ಬಂದಾಗ ಇದರ ಬಗ್ಗೆ ದೊಡ್ಡ ಗಲಾಟೆಯೇ ಆಯಿತು. ಆರ್‌ಟಿಎಕ್ಸ್ 4090ರಂಥ ದುಬಾರಿ ಕಾರ್ಡ್ ಇದ್ದವರಿಗೂ ಊರೊಳಗೆ ಇದೇ ಕಥೆ. ಗೇಮ್ ಮಾಡಿದ ಕಂಪನಿ ಕ್ಯಾಪ್‌ಕಾಮ್ ಕೊಟ್ಟ ವಿವರಣೆ ನೇರವಾಗಿತ್ತು. ಗೇಮ್‌ನ ಪ್ರತಿಯೊಂದು ಪಾತ್ರಕ್ಕೂ ಪ್ರೊಸೆಸರ್‌ನ (ಸಿಪಿಯು, ಲೆಕ್ಕ ಹಾಕುವ ಮುಖ್ಯ ಚಿಪ್) ದೊಡ್ಡ ಪಾಲು ಹೋಗುತ್ತದೆ. ಆ ಪಾತ್ರ ಎಲ್ಲಿ ನಿಂತಿದೆ, ಸುತ್ತಲಿನ ಮೇಲೆ ಅದರ ಪರಿಣಾಮ ಏನು ಅಂತ ಆಗಿಂದಾಗ್ಗೆ ಲೆಕ್ಕ ಹಾಕುತ್ತಲೇ ಇರಬೇಕು. ಕೆಲವು ಆಟಗಾರರು ಊರಿನ ಜನರನ್ನು ಗೇಮ್‌ನಲ್ಲೇ ಸಾಯಿಸಿ ನೋಡಿದರು. ಜನ ಕಡಿಮೆಯಾದ ಹಾಗೆ ಎಫ್‌ಪಿಎಸ್ ಏರಿತು. ಆಮೇಲಿನ ಅಪ್‌ಡೇಟ್‌ಗಳಲ್ಲಿ ಕಂಪನಿ ಇದನ್ನು ಸ್ವಲ್ಪ ಸುಧಾರಿಸಿದೆ. ಆದರೂ ಪ್ರೊಸೆಸರ್ ಗೇಮ್‌ಗೆ ಏನು ಮಾಡುತ್ತದೆ ಅಂತ ತೋರಿಸಲು ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

[ಗ್ರಾಫಿಕ್: ಒಂದು ಫ್ರೇಮ್‌ನ ಸಮಯ ತೋರಿಸುವ ಪಟ್ಟಿ, ಮೇಲೆ ಪ್ರೊಸೆಸರ್, ಕೆಳಗೆ ಕಾರ್ಡ್.]

ಒಂದು ಫ್ರೇಮ್ ಅಂದರೆ ಪರದೆ ಮೇಲೆ ಬರುವ ಒಂದು ಚಿತ್ರ. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಒಂದೊಂದಕ್ಕೆ ಸಿಗುವ ಸಮಯ 16.7 ಮಿಲಿಸೆಕೆಂಡ್. 144 ಬೇಕೆಂದರೆ 6.9. 240 ಹರ್ಟ್ಸ್ ಮಾನಿಟರ್ ತೆಗೆದುಕೊಂಡು ಅದನ್ನು ಪೂರ್ತಿ ಬಳಸಬೇಕೆಂದರೆ 4.2 ಮಿಲಿಸೆಕೆಂಡ್, ಅಷ್ಟೇ. ಪ್ರೊಸೆಸರ್ ಆಗಲಿ ಕಾರ್ಡ್ ಆಗಲಿ, ತಮ್ಮ ಪಾಲಿನ ಕೆಲಸವನ್ನು ಅಷ್ಟರೊಳಗೆ ಮುಗಿಸಬೇಕು.

ಪ್ರೊಸೆಸರ್ ಪಾಲು ಏನು? ನೀವು ಒತ್ತಿದ ಬಟನ್ ಓದಬೇಕು. ಯಾವ ಶತ್ರು ಎತ್ತ ಓಡಬೇಕು ಅಂತ ತೀರ್ಮಾನಿಸಬೇಕು. ಬಿದ್ದ ಕಲ್ಲು ಎಲ್ಲಿಗೆ ಉರುಳುತ್ತದೆ, ಯಾರ ಕೈ ಎಷ್ಟು ಬಾಗುತ್ತದೆ ಎಲ್ಲ ಲೆಕ್ಕ ಹಾಕಬೇಕು. ಕೊನೆಗೆ ಈ ಗೋಡೆ ಬಿಡಿಸು, ಈ ಮರ ಬಿಡಿಸು ಅಂತ ಕಾರ್ಡಿಗೆ ಒಂದೊಂದಾಗಿ ಹೇಳಬೇಕು. ಇದಕ್ಕೆ ಡ್ರಾ ಕಾಲ್ ಅನ್ನುತ್ತಾರೆ. ದೊಡ್ಡ ಗೇಮ್‌ನಲ್ಲಿ ಒಂದು ಫ್ರೇಮ್‌ಗೆ ಇಂಥವು ಸಾವಿರಾರು. ಇದೆಲ್ಲ ಆದ ಮೇಲೇ ಕಾರ್ಡ್ ಚಿತ್ರ ಬಿಡಿಸುವುದು.

ಪ್ರೊಸೆಸರ್‌ಗೆ ಇಷ್ಟಕ್ಕೆ 12 ಮಿಲಿಸೆಕೆಂಡ್ ಬೇಕು ಅಂದುಕೊಳ್ಳಿ. ಆಗ ನಿಮಗೆ ಹೆಚ್ಚೆಂದರೆ 83 ಎಫ್‌ಪಿಎಸ್ ಸಿಗುತ್ತದೆ. ಕಾರ್ಡ್ ತನ್ನ ಕೆಲಸವನ್ನು 5 ಮಿಲಿಸೆಕೆಂಡಿನಲ್ಲಿ ಮುಗಿಸಿದರೂ ಅಷ್ಟೇ. ಅದರ ಎರಡು ಪಟ್ಟು ಬೆಲೆಯ ಕಾರ್ಡ್ ಹಾಕಿದರೂ ಅಷ್ಟೇ. ಗೇಮ್ ಎಷ್ಟು ವೇಗವಾಗಿ ಓಡಬಲ್ಲದು ಅನ್ನುವ ಮಿತಿಯನ್ನು ಪ್ರೊಸೆಸರ್ ಹಾಕುತ್ತದೆ. ಆ ಮಿತಿಯೊಳಗೆ ಚಿತ್ರ ಎಷ್ಟು ಚೆನ್ನಾಗಿರಬೇಕು ಅನ್ನುವುದು ಕಾರ್ಡಿನ ಪಾಲು. ರೆಸಲ್ಯೂಶನ್, ಅಂದರೆ ಚಿತ್ರದಲ್ಲಿರುವ ಚುಕ್ಕಿಗಳ ಸಂಖ್ಯೆ, 1080ಪಿ ಇರಲಿ ಅದರ ನಾಲ್ಕು ಪಟ್ಟಿನ 4ಕೆ ಇರಲಿ, ಪ್ರೊಸೆಸರ್ ಕೆಲಸ ಹೆಚ್ಚುಕಮ್ಮಿ ಒಂದೇ. ಊರಲ್ಲಿರುವ ಜನರ ಸಂಖ್ಯೆ ಮಾನಿಟರ್ ನೋಡಿ ಬದಲಾಗುವುದಿಲ್ಲ, ಅಲ್ವಾ?

ಇಲ್ಲಿ ಎಷ್ಟೋ ಜನ ಗಮನಿಸದ ಒಂದು ವಿಷಯ ಇದೆ. “ನಾನು 4ಕೆಯಲ್ಲಿ ಆಡುವವನು, ನನಗೆ ಪ್ರೊಸೆಸರ್ ಮುಖ್ಯ ಅಲ್ಲ” ಅನ್ನುವ ಮಾತು ತುಂಬಾ ಕೇಳಿಬರುತ್ತದೆ. ಆದರೆ ಎನ್‌ವಿಡಿಯಾ ಕಾರ್ಡಿನ ಡಿಎಲ್‌ಎಸ್‌ಎಸ್ ಸೌಲಭ್ಯ ಆನ್ ಮಾಡಿ ಪರ್ಫಾರ್ಮೆನ್ಸ್ ಮೋಡ್ ಇಟ್ಟರೆ ಕಾರ್ಡ್ ನಿಜವಾಗಿ ಬಿಡಿಸುವುದು 1080ಪಿ ಚಿತ್ರವನ್ನೇ. ಆಮೇಲೆ ಅದನ್ನು 4ಕೆಗೆ ಹಿಗ್ಗಿಸುತ್ತದೆ. ಕಾರ್ಡಿನ ಹೊರೆ ಇಳಿಯಿತು, ಪ್ರೊಸೆಸರ್‌ನದು ಇಳಿಯಲಿಲ್ಲ. ಹಾಗಾಗಿ 4ಕೆ ಮಾನಿಟರ್ ಎದುರು ಕೂತಿದ್ದರೂ ನೀವು ಪ್ರೊಸೆಸರ್ ಮಿತಿಗೆ ಬಡಿಯಬಹುದು. ಬೆಳಕು ನಿಜವಾಗಿ ಬಿದ್ದ ಹಾಗೆ ತೋರಿಸುವ ರೇ ಟ್ರೇಸಿಂಗ್ ಹಾಕಿದರೆ ಪ್ರೊಸೆಸರ್‌ಗೂ ಕೆಲಸ ಜಾಸ್ತಿಯಾಗುತ್ತದೆ. ಬೆಳಕಿನ ಲೆಕ್ಕಕ್ಕೆ ಬೇಕಾದ ದೃಶ್ಯದ ನಕ್ಷೆಯನ್ನು ಆಗಾಗ ಹೊಸದು ಮಾಡುವ ಕೆಲಸದಲ್ಲಿ ಅದಕ್ಕೂ ಪಾಲಿದೆ.

ಫ್ರೇಮ್ ಜನರೇಷನ್ ಬಗ್ಗೆಯೂ ಹೇಳಿಬಿಡುತ್ತೇನೆ. ಅದು ಮಧ್ಯದ ಫ್ರೇಮ್‌ಗಳನ್ನು ಕಾರ್ಡಿನಲ್ಲೇ ಹುಟ್ಟಿಸುತ್ತದೆ, ಮೀಟರ್‌ನಲ್ಲಿ ಅಂಕಿ ಏರುತ್ತದೆ. ಆದರೆ ಗೇಮ್ ನಿಮ್ಮ ಬಟನ್‌ಗೆ ಉತ್ತರ ಕೊಡುವುದು ಪ್ರೊಸೆಸರ್ ಮಾಡಿದ ಫ್ರೇಮ್‌ಗಳಲ್ಲಿ ಮಾತ್ರ. ಆ ವೇಗ ಹಾಗೇ ಉಳಿಯುತ್ತದೆ.

[ಕಟ್: ಟಾಸ್ಕ್ ಮ್ಯಾನೇಜರ್. ಸಿಪಿಯು ಬಳಕೆಯ ಒಟ್ಟು ಗ್ರಾಫ್, ಆಮೇಲೆ ಒಂದೊಂದು ಥ್ರೆಡ್‌ನ ಗ್ರಾಫ್.]

ಸರಿ, ಹಾಗಾದರೆ ಜಾಸ್ತಿ ಕೋರ್ (ಒಳಗೆ ಬೇರೆಬೇರೆಯಾಗಿ ಲೆಕ್ಕ ಮಾಡುವ ಭಾಗಗಳು) ಇರುವ ಪ್ರೊಸೆಸರ್ ತಗೊಂಡರೆ ಆಯಿತಲ್ಲ? ಇಲ್ಲ. ಗೇಮ್‌ನ ಕೆಲಸವನ್ನೆಲ್ಲ ಎಲ್ಲ ಕೋರ್‌ಗಳಿಗೂ ಸಮನಾಗಿ ಹಂಚಲು ಆಗುವುದಿಲ್ಲ. ಶತ್ರು ಸತ್ತನೋ ಇಲ್ಲವೋ ಅಂತ ತಿಳಿಯದೆ ಅವನು ಬೀಳುವುದನ್ನು ತೋರಿಸುವುದು ಹೇಗೆ? ಒಂದು ಮುಗಿದ ಮೇಲೇ ಇನ್ನೊಂದು. ಹಾಗೆ ಸಾಲಾಗಿ ನಡೆಯಲೇಬೇಕಾದ ಕೆಲಸ ಮೇನ್ ಥ್ರೆಡ್ ಅನ್ನುವ ಒಂದೇ ಸಾಲಿನಲ್ಲಿ ನಡೆಯುತ್ತದೆ. ಆ ಒಂದು ಥ್ರೆಡ್ ಎಷ್ಟು ವೇಗವೋ ಗೇಮ್ ಅಷ್ಟೇ ವೇಗ.

ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಇದನ್ನು ಬಾಯಿಬಿಟ್ಟು ಹೇಳುತ್ತದೆ. ಅದರ ಡೆವಲಪರ್ ಮೋಡ್‌ನಲ್ಲಿ ಎಫ್‌ಪಿಎಸ್ ಡಬ್ಬಿ ತೆರೆದರೆ, ಈಗ ತಡೆ ಮೇನ್ ಥ್ರೆಡ್‌ನಿಂದಲೋ ಜಿಪಿಯುನಿಂದಲೋ ಅಂತ ಅಲ್ಲೇ ಬರೆದಿರುತ್ತದೆ. ಎಲ್ಲ ಗೇಮ್‌ಗಳಲ್ಲೂ ಹೀಗೆ ಇದ್ದಿದ್ದರೆ ಎಷ್ಟೋ ಜನರ ದುಡ್ಡು ಉಳಿಯುತ್ತಿತ್ತು.

ಟಾಸ್ಕ್ ಮ್ಯಾನೇಜರ್ ತೆರೆದು “ಸಿಪಿಯು 35 ಪರ್ಸೆಂಟ್ ಮಾತ್ರ ಓಡ್ತಿದೆ, ತೊಂದರೆ ಅಲ್ಲಿಲ್ಲ” ಅನ್ನಬೇಡಿ. 6 ಕೋರ್, 12 ಥ್ರೆಡ್‌ನ (ಒಂದೊಂದು ಕೋರ್ ಎರಡು ಸಾಲಿನ ಕೆಲಸ ಹಿಡಿಯುವ) ಪ್ರೊಸೆಸರ್‌ನಲ್ಲಿ ಒಂದು ಥ್ರೆಡ್ ನೂರಕ್ಕೆ ನೂರು ದುಡಿದರೂ ಒಟ್ಟು ಲೆಕ್ಕದಲ್ಲಿ ಅದು ಬರೀ 8 ಪರ್ಸೆಂಟ್.

ಕೋರ್ ಸಂಖ್ಯೆ ಲೆಕ್ಕಕ್ಕೇ ಇಲ್ಲ ಅಂತ ಅಲ್ಲ. 4 ಕೋರ್‌ನ ಹಳೆಯ ಪ್ರೊಸೆಸರ್‌ಗಳು ಇವತ್ತಿನ ಗೇಮ್‌ಗಳಲ್ಲಿ ಒದ್ದಾಡುತ್ತವೆ. ಸೈಬರ್‌ಪಂಕ್ 2077ರ 2.0 ಅಪ್‌ಡೇಟ್ 2023ರ ಸೆಪ್ಟೆಂಬರ್‌ನಲ್ಲಿ ಬರುವ ಮುಂಚೆ ಅದರ ಡೆವಲಪರ್ ಒಬ್ಬರು, 8 ಕೋರ್ ಪ್ರೊಸೆಸರ್ 90 ಪರ್ಸೆಂಟ್ ದುಡಿಯಬಹುದು, ಕೂಲರ್ ಸರಿ ಇದೆಯಾ ನೋಡಿಕೊಳ್ಳಿ ಅಂತ ಎಚ್ಚರಿಸಿದ್ದರು. ಇವತ್ತಿಗೆ 6 ಕೋರ್ ಸಾಕು, 8 ಇದ್ದರೆ ನೆಮ್ಮದಿ. ಅದರ ಮೇಲೆ ಬರೀ ಗೇಮ್‌ಗೋಸ್ಕರ ದುಡ್ಡು ಹಾಕುವುದು ನನ್ನ ಮಟ್ಟಿಗೆ ದಂಡ.

[ಗ್ರಾಫಿಕ್: 5800ಎಕ್ಸ್ ಮತ್ತು 5800ಎಕ್ಸ್3ಡಿ ಅಕ್ಕಪಕ್ಕ. ಗಿಗಾಹರ್ಟ್ಸ್ ಮತ್ತು ಕ್ಯಾಶ್ ಮಾತ್ರ.]

ಈಗ ನನಗೆ ತುಂಬಾ ಇಷ್ಟವಾದ ಭಾಗ. ಎಎಂಡಿಯ ರೈಜನ್ 7 5800ಎಕ್ಸ್ ನೋಡಿ. 8 ಕೋರ್, 4.7 ಗಿಗಾಹರ್ಟ್ಸ್‌ವರೆಗೆ ಓಡುತ್ತದೆ. 2022ರ ಏಪ್ರಿಲ್‌ನಲ್ಲಿ ಅದರದೇ ತಮ್ಮ ಬಂತು, 5800ಎಕ್ಸ್3ಡಿ. ಅದೇ 8 ಕೋರ್, ಅದೇ ವಿನ್ಯಾಸ. ವೇಗ ಇನ್ನೂ ಕಡಿಮೆ, 4.5 ಗಿಗಾಹರ್ಟ್ಸ್. ಕಾಗದದ ಮೇಲೆ ಹಿಂದೆ ಬಿದ್ದ ಪ್ರೊಸೆಸರ್. ಆದರೆ ಎಷ್ಟೋ ಗೇಮ್‌ಗಳಲ್ಲಿ ಅಣ್ಣನನ್ನು ಸುಲಭವಾಗಿ ಹಿಂದೆ ಹಾಕಿತು.

ವ್ಯತ್ಯಾಸ ಇರುವುದು ಕ್ಯಾಶ್‌ನಲ್ಲಿ, ಅಂದರೆ ಪ್ರೊಸೆಸರ್ ಒಳಗೇ ಇರುವ ಚಿಕ್ಕ ಮೆಮೊರಿಯಲ್ಲಿ. ಅದರ ದೊಡ್ಡ ಭಾಗಕ್ಕೆ ಎಲ್3 ಅನ್ನುತ್ತಾರೆ. 5800ಎಕ್ಸ್‌ನಲ್ಲಿ 32 ಎಂಬಿ ಎಲ್3 ಕ್ಯಾಶ್. 3ಡಿಯಲ್ಲಿ ಅದರ ಮೇಲೆ ಇನ್ನೊಂದು 64 ಎಂಬಿ ಚೂರನ್ನು ಕೂರಿಸಿದರು. ಒಟ್ಟು 96.

ಇದರಿಂದ ಏನಾಗುತ್ತದೆ? ಒಗ್ಗರಣೆಗೆ ಎಣ್ಣೆ ಕಾದಿದೆ ಅಂದುಕೊಳ್ಳಿ. ಸಾಸಿವೆ ಒಲೆ ಪಕ್ಕದ ಡಬ್ಬಿಯಲ್ಲಿದ್ದರೆ ಕೈ ಚಾಚಿದರೆ ಸಾಕು. ಇಲ್ಲದಿದ್ದರೆ ಅಂಗಡಿಗೆ ಓಡಬೇಕು, ಅಲ್ಲಿತನಕ ಒಲೆ ಸುಮ್ನೆ ಉರಿಯುತ್ತಿರುತ್ತದೆ. ಕ್ಯಾಶ್ ಅಂದರೆ ಒಲೆ ಪಕ್ಕದ ಆ ಡಬ್ಬಿ, ಕಂಪ್ಯೂಟರ್‌ನ ಮುಖ್ಯ ಮೆಮೊರಿಯಾದ ರ‍್ಯಾಮ್ ಆ ಅಂಗಡಿ. ರ‍್ಯಾಮ್‌ನಿಂದ ಒಂದು ಮಾಹಿತಿ ತರಲು ಎಲ್3ಗಿಂತ ಹಲವು ಪಟ್ಟು ಜಾಸ್ತಿ ಸಮಯ ಬೇಕು. ಸಾವಿರಾರು ಪಾತ್ರ, ವಸ್ತು, ಅನಿಮೇಷನ್ ಇರುವ ಗೇಮ್‌ನಲ್ಲಿ ಈ ಓಡಾಟ ಪ್ರತಿ ಫ್ರೇಮ್‌ನಲ್ಲೂ ಲೆಕ್ಕವಿಲ್ಲದಷ್ಟು ಸಲ ನಡೆಯುತ್ತದೆ. ಗಿಗಾಹರ್ಟ್ಸ್ ಎಷ್ಟಿದ್ದರೂ ಮಾಹಿತಿ ಬರುವ ತನಕ ಕೋರ್ ಕಾಯಲೇಬೇಕು. ವಿಡಿಯೋ ರೆಂಡರ್ ಮಾಡುವ ಥರದ ಕೆಲಸದಲ್ಲಿ ಈ ದೊಡ್ಡ ಕ್ಯಾಶ್‌ನಿಂದ ಅಷ್ಟೇನೂ ಲಾಭ ಇಲ್ಲ.

2023ರ 7800ಎಕ್ಸ್3ಡಿಯಲ್ಲೂ ಇದೇ ಉಪಾಯ. 2024ರ ನವೆಂಬರ್‌ನಲ್ಲಿ ಬಂದ 9800ಎಕ್ಸ್3ಡಿಯಲ್ಲಿ ಕ್ಯಾಶ್ ಚೂರನ್ನು ಕೋರ್‌ಗಳ ಕೆಳಗೆ ಇಟ್ಟರು. ಕೋರ್‌ಗಳು ಮೇಲೆ ಬಂದಿದ್ದರಿಂದ ಬಿಸಿ ಕೂಲರ್‌ಗೆ ಸಲೀಸಾಗಿ ಹೋಗುತ್ತದೆ, ಹಾಗಾಗಿ ಗಿಗಾಹರ್ಟ್ಸ್ ಕೂಡ 5.2ಕ್ಕೆ ಏರಿತು.

ಉಲ್ಟಾ ಉದಾಹರಣೆಯೂ ಇದೆ. 2024ರ ಅಕ್ಟೋಬರ್‌ನಲ್ಲಿ ಇಂಟೆಲ್‌ನ ಕೋರ್ ಅಲ್ಟ್ರಾ 9 285ಕೆ ಬಂತು. ಹೊಸ ವಿನ್ಯಾಸ, 24 ಕೋರ್. ಆದರೂ ಅನೇಕ ಗೇಮ್‌ಗಳಲ್ಲಿ ಇಂಟೆಲ್‌ನದೇ ಹಳೆಯ 14900ಕೆಗಿಂತ ಹಿಂದೆ ಬಿತ್ತು. ಮೆಮೊರಿ ಕಂಟ್ರೋಲರನ್ನು ಕೋರ್‌ಗಳಿಂದ ಬೇರೆ ಚೂರಿಗೆ ಸರಿಸಿದ್ದರಿಂದ ರ‍್ಯಾಮ್‌ವರೆಗಿನ ದಾರಿ ಉದ್ದವಾಯಿತು. ಇದು ಅದರ ಒಂದು ಮುಖ್ಯ ಕಾರಣ.

[ಕಟ್: ಮೇಜಿನ ಮೇಲೆ ಎರಡು ಪ್ರೊಸೆಸರ್ ಡಬ್ಬಿ. ಹೆಸರಿನ ಮೇಲೆ ಝೂಮ್.]

ಅಂಗಡಿಯಲ್ಲಿ ಇದು ಹೇಗೆ ಪೆಟ್ಟು ಕೊಡುತ್ತದೆ ನೋಡಿ. ರೈಜನ್ 7 5700ಎಕ್ಸ್, ರೈಜನ್ 7 5700. ಮಧ್ಯೆ ಒಂದೇ ಅಕ್ಷರದ ಫರಕು. ಎರಡರಲ್ಲೂ 8 ಕೋರ್, ಎರಡೂ 4.6 ಗಿಗಾಹರ್ಟ್ಸ್‌ವರೆಗೆ. ಆದರೆ ಎಕ್ಸ್ ಇರುವುದರಲ್ಲಿ 32 ಎಂಬಿ ಎಲ್3, ಎಕ್ಸ್ ಇಲ್ಲದ್ದರಲ್ಲಿ 16. ಒಳಗಿರುವ ಚಿಪ್ಪೇ ಬೇರೆ. ಕಾರ್ಡಿಗೆ ಮಾಹಿತಿ ಹೋಗುವ ದಾರಿಯಾದ ಪಿಸಿಐಇ ಕೂಡ ಎಕ್ಸ್ ಇಲ್ಲದ್ದರಲ್ಲಿ 4 ಅಲ್ಲ, ಹಳೆಯ 3. ಗೇಮ್‌ಗೆ ಬಂದರೆ 32 ಎಂಬಿ ಇರುವ 6 ಕೋರ್‌ನ 5600 ಎಷ್ಟೋ ಕಡೆ ಈ 8 ಕೋರ್‌ನ 5700ಕ್ಕಿಂತ ಮುಂದೆ ಇರುತ್ತದೆ. 5600ಜಿ, 5500 ಕೂಡ ಇದೇ 16 ಎಂಬಿ ಗುಂಪಿನವು. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದಾಗಲೂ ಆನ್‌ಲೈನ್‌ನಲ್ಲಿ ತೆಗೆದುಕೊಂಡಾಗಲೂ “ರೈಜನ್ 7” ಅನ್ನುವಷ್ಟಕ್ಕೇ ನಿಲ್ಲಬೇಡಿ. ಪೂರ್ತಿ ಹೆಸರು ಓದಿ, ಎಲ್3 ಕ್ಯಾಶ್ ಎಷ್ಟು ಅಂತ ಅಲ್ಲೇ ಮೊಬೈಲಿನಲ್ಲಿ ನೋಡಿ. ಎರಡು ನಿಮಿಷದ ಕೆಲಸ.

ಸೆಕೆಂಡ್ ಹ್ಯಾಂಡ್‌ನಲ್ಲಿ ಇಂಟೆಲ್ 13 ಅಥವಾ 14ನೇ ಪೀಳಿಗೆಯ ಐ7, ಐ9 ತಗೊಳ್ಳುವವರು ಇನ್ನೊಂದು ವಿಷಯ ನೆನಪಿಟ್ಟುಕೊಳ್ಳಿ. ವೋಲ್ಟೇಜ್ ಜಾಸ್ತಿಯಾಗಿ ಚಿಪ್ ಹಾಳಾಗುವ ತೊಂದರೆ ಇದೆ ಅಂತ 2024ರಲ್ಲಿ ಇಂಟೆಲ್ಲೇ ಒಪ್ಪಿಕೊಂಡು ಮೈಕ್ರೋಕೋಡ್ (ಚಿಪ್‌ನ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಕೊಟ್ಟಿತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಆ ಅಪ್‌ಡೇಟ್ ಮುಂದಾಗುವ ಹಾನಿಯನ್ನು ತಡೆಯುತ್ತದೆ. ಆಗಿಹೋದ ಹಾನಿಯನ್ನು ಸರಿಮಾಡುವುದಿಲ್ಲ. ಬಿಲ್ ಇಲ್ಲದೆ ಕೊಳ್ಳಬೇಡಿ.

[ಸ್ಕ್ರೀನ್‌ನಲ್ಲಿ: ಎಂಎಸ್‌ಐ ಆಫ್ಟರ್‌ಬರ್ನರ್ ಸೆಟ್ಟಿಂಗ್, ಆಮೇಲೆ ಸೈಬರ್‌ಪಂಕ್‌ನ ಸಂತೆ ಬೀದಿ.]

ಈಗ ನಿಮ್ಮ ಕಂಪ್ಯೂಟರ್‌ಗೆ ಬರೋಣ. ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರ್ ಹಾಕಿ, ಜಿಪಿಯು ಬಳಕೆ ಮತ್ತು ಎಫ್‌ಪಿಎಸ್ ಎರಡೂ ಪರದೆ ಮೇಲೆ ಬರುವ ಹಾಗೆ ಇಟ್ಟುಕೊಳ್ಳಿ. ವಿ-ಸಿಂಕ್ (ಎಫ್‌ಪಿಎಸ್ ಅನ್ನು ಮಾನಿಟರ್ ವೇಗಕ್ಕೆ ಕಟ್ಟಿಹಾಕುವುದು), ಫ್ರೇಮ್ ಲಿಮಿಟ್, ಫ್ರೇಮ್ ಜನರೇಷನ್ ಮೂರನ್ನೂ ಆಫ್ ಮಾಡಿ. ಗೇಮ್‌ನ ಅತಿ ಗಿಜಿಗುಡುವ ಜಾಗಕ್ಕೆ ಹೋಗಿ. ಬಾಲ್ಡರ್ಸ್ ಗೇಟ್ 3 ಆದರೆ ಮೂರನೇ ಅಂಕದ ಪೇಟೆ, ಸೈಬರ್‌ಪಂಕ್ ಆದರೆ ಡಾಗ್‌ಟೌನ್. ಜಿಪಿಯು 95 ಪರ್ಸೆಂಟ್ ದಾಟಿ ನಿಂತಿದ್ದರೆ ತಡೆ ಕಾರ್ಡಿನದು. 60, 70ಕ್ಕೆ ಇಳಿದರೆ ಬಹುಪಾಲು ಪ್ರೊಸೆಸರ್‌ನದು. ಅನುಮಾನ ಇದ್ದರೆ ರೆಸಲ್ಯೂಶನ್ ಒಂದೇ ಸಲ 720ಪಿಗೆ ಇಳಿಸಿ. ಎಫ್‌ಪಿಎಸ್ ಕದಲಲಿಲ್ಲವಾ? ಖಾತ್ರಿಯಾಯಿತು.

ರಿವ್ಯೂ ಮಾಡುವವರು ದುಬಾರಿ ಕಾರ್ಡ್ ಹಾಕಿ 1080ಪಿಯಲ್ಲಿ ಪ್ರೊಸೆಸರ್ ಅಳೆಯುವುದು ಇದೇ ಕಾರಣಕ್ಕೆ. “ಹಾಗೆ ಯಾರು ಆಡ್ತಾರೆ?” ಅಂತ ಬೈಯುವವರಿದ್ದಾರೆ. ಕಾರ್ಡ್ ಅಡ್ಡ ಬರದಿದ್ದರೆ ಮಾತ್ರ ಪ್ರೊಸೆಸರ್‌ನ ನಿಜವಾದ ಮಿತಿ ಕಾಣುತ್ತದೆ. ಅಲ್ಲಿ ಪ್ರೊಸೆಸರ್ ಅಂಕಿ ನೋಡಿ, ನಿಮ್ಮ ಕಾರ್ಡಿನ ರಿವ್ಯೂನಲ್ಲಿ ಅದರ ಅಂಕಿ ನೋಡಿ. ಎರಡರಲ್ಲಿ ಯಾವುದು ಚಿಕ್ಕದೋ ಹೆಚ್ಚುಕಮ್ಮಿ ಅದೇ ನಿಮಗೆ ಸಿಗುವುದು. ಸರಾಸರಿ ಎಫ್‌ಪಿಎಸ್‌ಗಿಂತ “1 ಪರ್ಸೆಂಟ್ ಲೋ” ಅನ್ನುವ ಅಂಕಿಗೆ, ಅಂದರೆ ಅತಿ ನಿಧಾನವಾದ 1 ಪರ್ಸೆಂಟ್ ಫ್ರೇಮ್‌ಗಳ ವೇಗಕ್ಕೆ, ಜಾಸ್ತಿ ಬೆಲೆ ಕೊಡಿ. ಕೈಗೆ ತಿಳಿಯುವ ಜರ್ಕ್ ಅಲ್ಲೇ ಅಡಗಿರುತ್ತದೆ.

ತಡೆ ಪ್ರೊಸೆಸರ್‌ನದೇ ಅಂತ ಗೊತ್ತಾದರೆ ಟೆಕ್ಸ್ಚರ್, ರೆಸಲ್ಯೂಶನ್ ಇಳಿಸಿ ಪ್ರಯೋಜನ ಇಲ್ಲ. ಜನಸಂದಣಿ, ದೂರದ ವಸ್ತುಗಳ ವಿವರ, ರೇ ಟ್ರೇಸಿಂಗ್ ಇಳಿಸಿ. ಆಮೇಲೆ ಬಯೋಸ್‌ಗೆ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಬೋರ್ಡಿನ ಸೆಟ್ಟಿಂಗ್) ಹೋಗಿ, ರ‍್ಯಾಮನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಇದೆಯಾ ನೋಡಿ. ಡಿಡಿಆರ್5 6000 ಅಂತ ದುಡ್ಡು ಕೊಟ್ಟು ತಂದ ರ‍್ಯಾಮ್ ಎಷ್ಟೋ ಮನೆಗಳಲ್ಲಿ 4800ರಲ್ಲೇ ಓಡುತ್ತಿರುತ್ತದೆ. ಒಂದೇ ಕಡ್ಡಿ ರ‍್ಯಾಮ್ ಇದ್ದರೆ ಜೋಡಿ ಮಾಡಿ. ಇದನ್ನೆಲ್ಲ ಮಾಡಿದ ಮೇಲೂ ಎಫ್‌ಪಿಎಸ್ 90ಕ್ಕೂ 60ಕ್ಕೂ ಮಧ್ಯೆ ಎಗರಾಡುತ್ತಿದ್ದರೆ 60ಕ್ಕೆ ಲಿಮಿಟ್ ಹಾಕಿ ಆಡಿ. ಏರಿಳಿಯುವ 90ಕ್ಕಿಂತ ಸ್ಥಿರವಾದ 60 ಕಣ್ಣಿಗೂ ಕೈಗೂ ಹಿತ.

ಪ್ರೊಸೆಸರ್ ಬದಲಿಸಲೇಬೇಕು ಅನ್ನುವವರು, ಮೊದಲು ನಿಮ್ಮ ಮದರ್‌ಬೋರ್ಡಿನ ಹೆಸರು ನೋಡಿ. ಎಎಂಡಿಯ ಹಳೆಯ ಸಾಕೆಟ್ ಎಎಂ4ರ ಬೋರ್ಡ್ ಇದ್ದರೆ ಬಯೋಸ್ ಅಪ್‌ಡೇಟ್ ಮಾಡಿ ದೊಡ್ಡ ಕ್ಯಾಶ್‌ನ 5700ಎಕ್ಸ್3ಡಿ ಕೂರುತ್ತದೆಯಾ ಅಂತ ಬೋರ್ಡ್ ಕಂಪನಿಯ ಪಟ್ಟಿಯಲ್ಲಿ ಹುಡುಕಿ. 2017ರ ಕೆಲವು ಬೋರ್ಡ್‌ಗಳಿಗೂ ಆ ಅಪ್‌ಡೇಟ್ ಬಂದಿದೆ. ಹಾಗಾದರೆ ರ‍್ಯಾಮ್, ಬೋರ್ಡ್ ಎರಡರ ಖರ್ಚೂ ಉಳಿಯುತ್ತದೆ. ಆ ಚಿಪ್ ಸಿಗದಿದ್ದರೆ ಆಮೇಲೆ ಹೊಸ ಸಾಕೆಟ್ ಎಎಂ5ರ ಯೋಚನೆ ಮಾಡಿ.

ಕಾಮೆಂಟ್‌ನಲ್ಲಿ ನಿಮ್ಮ ಪ್ರೊಸೆಸರ್, ಕಾರ್ಡ್, ಗೇಮ್ ಮತ್ತು ಆ ಗಿಜಿಗುಡುವ ಜಾಗದಲ್ಲಿ ಕಂಡ ಜಿಪಿಯು ಪರ್ಸೆಂಟ್ ಬರೆಯಿರಿ. ಪ್ರೊಸೆಸರ್ ಹೆಸರಿನ ಕೊನೆಯ ಅಕ್ಷರ ಬಿಡಬೇಡಿ.