ಅವರೆಕಾಯಿ, ಮಲ್ಲಿಗೆ ಮತ್ತೆ ಖಾಲಿ ಬಿದ್ದಿರೋ ಕಾರ್ಪೊರೇಟರ್ ಕುರ್ಚಿ

(ಮೈಸೂರಿನ ಒಂದು ಬಡಾವಣೆಯ ನಿವಾಸಿಗಳ ಸಂಘದಲ್ಲಿ 2025ರ ಡಿಸೆಂಬರ್‌ನಲ್ಲಿ ಆಡಿದ ಮಾತು)

ಎಲ್ರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಮನೆ ಕೆಲಸ ಎಲ್ಲಾ ಬಿಟ್ಟು ಇಷ್ಟು ಜನ ಬಂದಿದೀರಿ, ತುಂಬಾ ಖುಷಿ ಆಯ್ತು. ಸಂಘದವರು ನನಗೆ ಕೊಟ್ಟಿರೋ ವಿಷಯ ಈಗಿನ ರಾಜಕೀಯ. ನಾನು ಅದರ ಜೊತೆಗೆ ನಮ್ಮೂರಿನ ದಿನನಿತ್ಯದ ಸಣ್ಣಪುಟ್ಟ ಸುಖಗಳನ್ನೂ ಸೇರಿಸ್ಕೊಂಡು ಮಾತಾಡ್ತೀನಿ, ಯಾಕಂದ್ರೆ ಇವೆರಡನ್ನೂ ಬೇರೆ ಮಾಡಿ ನೋಡೋಕೆ ನನ್ನ ಕೈಲಿ ಆಗಲ್ಲ.

ಈಗ ಒಂದು ತಿಂಗಳಿಂದ ರಾಜ್ಯದ ತುಂಬಾ ಒಂದೇ ಮಾತು, ಮುಖ್ಯಮಂತ್ರಿ ಕುರ್ಚಿ ಯಾರಿಗೆ ಅಂತ. ನವೆಂಬರ್ 29ಕ್ಕೆ ಮುಖ್ಯಮಂತ್ರಿಗಳ ಮನೇಲಿ ತಿಂಡಿ, ಡಿಸೆಂಬರ್ 2ಕ್ಕೆ ಉಪಮುಖ್ಯಮಂತ್ರಿಗಳ ಮನೇಲಿ ತಿಂಡಿ, ಇಡ್ಲಿ ಜೊತೆಗೆ ನಾಟಿಕೋಳಿ ಸಾರು ಇತ್ತು ಅನ್ನೋದೂ ಮನೆಮನೆಗೆ ಗೊತ್ತು. ಸಿದ್ದರಾಮಯ್ಯನವರು ನಮ್ಮ ಜಿಲ್ಲೆಯ ಸಿದ್ದರಾಮನಹುಂಡಿಯವರು, ಹಾಗಾಗಿ ನಮಗೆ ಕುತೂಹಲ ಇನ್ನೂ ಒಂದು ಕೈ ಜಾಸ್ತಿನೇ, ಅದು ತಪ್ಪು ಅಂತ ನಾನು ಹೇಳಲ್ಲ, ನಾನೂ ಟಿವಿ ಮುಂದೆ ಕೂತು ನೋಡ್ದೋಳೇ. ಆದ್ರೆ ನಿಮ್ಮ ವಾರ್ಡಿನ ಕಾರ್ಪೊರೇಟರ್ ಯಾರು ಅಂತ ಇವತ್ತು ಇಲ್ಲಿ ಕೇಳಿದ್ರೆ ಹೆಸರು ಹೇಳೋಕೆ ಒಬ್ರಿಗೂ ಆಗಲ್ಲ. ಯಾಕಂದ್ರೆ ಯಾರೂ ಇಲ್ಲ. ಮೈಸೂರು ಮಹಾನಗರ ಪಾಲಿಕೆಗೆ 65 ವಾರ್ಡು, ಕೊನೇ ಸಲ ನಾವು ವೋಟು ಹಾಕಿದ್ದು 2018ರಲ್ಲಿ, ಅವರ ಅವಧಿ 2023ರ ನವೆಂಬರ್‌ಗೆ ಮುಗೀತು, ಅಲ್ಲಿಂದ ಇಲ್ಲೀವರೆಗೆ ಎರಡು ವರ್ಷ ದಾಟಿದೆ, ಪಾಲಿಕೆ ನಡೀತಿರೋದು ಆಡಳಿತಾಧಿಕಾರಿ ಕೈಯಲ್ಲಿ. ಐದು ವರ್ಷ ಮುಗಿಯೋದ್ರೊಳಗೆ ಮುಂದಿನ ಚುನಾವಣೆ ಆಗಿರಬೇಕು ಅಂತ ಸಂವಿಧಾನದಲ್ಲೇ ಬರೆದಿದೆ, 74ನೇ ತಿದ್ದುಪಡಿ, 1993ರ ಜೂನ್‌ನಿಂದ ಜಾರಿಯಲ್ಲಿದೆ. ಇಷ್ಟು ದೊಡ್ಡ ವಿಷಯ, ಆದ್ರೆ ಇದರ ಬಗ್ಗೆ ಯಾವ ಚಾನೆಲ್‌ನಲ್ಲೂ ರಾತ್ರಿ ಒಂಬತ್ತಕ್ಕೆ ಚರ್ಚೆ ಆಗಿದ್ದು ನಾನಂತೂ ನೋಡಿಲ್ಲ.

ಈಗ ಅವರೆಕಾಯಿ ವಿಷಯಕ್ಕೆ ಬರ್ತೀನಿ. ಈ ಚಳೀಲಿ ಮೈಸೂರಲ್ಲಿ ಇರೋದಕ್ಕಿಂತ ದೊಡ್ಡ ಸುಖ ಇನ್ನೊಂದಿಲ್ಲ ನನ್ನ ಪ್ರಕಾರ. ಸೊಗಡಿನ ಅವರೆ ಬಂದ್ಬಿಟ್ಟಿದೆ, ಕಾಯಿ ಕೈಗೆ ತಗೊಂಡ್ರೆ ಎಣ್ಣೆ ಥರ ಅಂಟಬೇಕು, ಸೋಪ್ ಹಾಕಿ ತೊಳೆದ್ರೂ ಸಂಜೆವರೆಗೂ ಬೆರಳಲ್ಲಿ ಘಮ ಹೋಗಬಾರದು, ಅದೇ ಒಳ್ಳೇ ಕಾಯಿಯ ಗುರುತು. ರಾತ್ರಿ ಸುಲಿದು ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಮನೆಮಂದಿಯೆಲ್ಲಾ ಕೂತು ಹಿತುಕೋದು, ಹೆಬ್ಬೆರಳಲ್ಲಿ ಒತ್ತಿದ್ರೆ ಬೇಳೆ ಪಟ್ ಅಂತ ಹಾರಿ ಬಟ್ಟಲು ಬಿಟ್ಟು ಸೋಫಾ ಕೆಳಗೆ ಹೋಗೋದು, ಮಕ್ಕಳು ಅದನ್ನ ಹುಡುಕ್ಕೊಂಡು ಹೋಗೋದು, ಆಮೇಲೆ ಮುದ್ದೆ ಜೊತೆ ಹಿತುಕಿದ ಬೇಳೆ ಸಾರು. ಇದಕ್ಕೆ ಯಾವ ಟಿಕೆಟ್ಟೂ ಬೇಡ.

ಆದ್ರೆ ಈ ಕಾಯಿ ನಮಗೆ ಎಲ್ಲಿ ಸಿಗುತ್ತೆ? ಫುಟ್‌ಪಾತ್ ಮೇಲೆ. ಸುತ್ತಮುತ್ತಲ ಹಳ್ಳಿಯಿಂದ ಹೆಂಗಸರು ಮೂಟೆ ತಂದು ಗೋಣಿಚೀಲ ಹಾಸಿ ಕೂರ್ತಾರೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ಬಸ್ ಚಾರ್ಜು ಉಳಿಯೋದು ಇವರಿಗೆ ಸಣ್ಣ ಮಾತಲ್ಲ, ಬೇರೆ ಏನೇ ಭಿನ್ನಾಭಿಪ್ರಾಯ ಇರಲಿ, ಈ ಒಂದು ಕೆಲಸಕ್ಕೆ ನಾನು ಮನಸಾರೆ ಸರ್ಕಾರಕ್ಕೆ ಥ್ಯಾಂಕ್ಸ್ ಹೇಳ್ತೀನಿ. ಆದ್ರೆ ಬಸ್ಸಿಂದ ಇಳಿದ ಮೇಲೆ ಅವರು ಎಲ್ಲಿ ಕೂರಬೇಕು ಅಂತ ತೀರ್ಮಾನ ಮಾಡೋರು ಯಾರು? ಬೀದಿ ವ್ಯಾಪಾರಿಗಳ ಕಾಯ್ದೆ 2014ರಲ್ಲೇ ಬಂದಿದೆ, ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಕಡಿಮೆ ಅಂದ್ರೂ ಶೇಕಡ 40ರಷ್ಟು ಜನ ವ್ಯಾಪಾರಿಗಳೇ ಇರಬೇಕು ಅಂತ ಇದೆ. ಕಾಗದದ ಮೇಲೆ ಎಲ್ಲಾ ಚೆನ್ನಾಗಿದೆ. ರಸ್ತೇಲಿ ನೋಡಿದ್ರೆ ಒಂದು ದಿನ ಗಾಡಿ ಬರುತ್ತೆ, ಏಳಿ ಏಳಿ ಅಂತಾರೆ, ತಕ್ಕಡಿ ಎತ್ತಾಕ್ಕೊಂಡು ಹೋಗ್ತಾರೆ. ನಾನು ಖಾಯಂ ಕಾಯಿ ತಗೊಳ್ಳೋ ಅಮ್ಮನೂ ಹೀಗೇ ಎದ್ದು ಹೋದ್ರು, ಅವರ ಪರವಾಗಿ ಒಂದು ಮಾತು ಹೇಳಿಸೋಣ ಅಂದ್ರೆ ಯಾರ ಮನೆ ಬಾಗಿಲಿಗೆ ಹೋಗೋದು ಅಂತ ನನಗೆ ಗೊತ್ತಾಗ್ಲಿಲ್ಲ. ಮೊದಲಾದ್ರೆ ಎರಡು ರಸ್ತೆ ಆಚೆ ಕಾರ್ಪೊರೇಟರ್ ಮನೆ ಇರ್ತಿತ್ತು, ಬೈಕೊಂಡಾದ್ರೂ ಹೋಗಿ ಕೇಳ್ತಿದ್ವಿ.

ದೇವರಾಜ ಮಾರ್ಕೆಟ್ ಕತೆ ಇನ್ನೂ ಹೊಟ್ಟೆ ಉರಿಸುತ್ತೆ. ಚಿಕ್ಕಗಡಿಯಾರದ ಕಡೆಯಿಂದ ಒಳಗೆ ಹೋದ್ರೆ ಮಲ್ಲಿಗೆ, ಕನಕಾಂಬರ, ಕುಂಕುಮದ ಗುಡ್ಡೆಗಳು, ವೀಳ್ಯದೆಲೆ ಕಟ್ಟು. ಹೂವಿನವರು ಮೊಳ ಹಾಕೋದನ್ನ ಗಮನಿಸಿದೀರಾ, ಮೊಣಕೈಯಿಂದ ಬೆರಳ ತುದಿವರೆಗೆ ಸರಿಯಾಗಿ ಅಳೆದು, ಕತ್ತರಿಸೋ ಮುಂಚೆ ಒಂದು ನಾಲ್ಕು ಬೆರಳು ಮುಂದಕ್ಕೆ ಬಿಡ್ತಾರೆ, ಅದು ಕೊಸರು, ಕೇಳದೇನೇ ಕೊಡೋದು. ಆಮೇಲೆ ಎಲೇಲಿ ಸುತ್ತಿ ನೀರು ಚಿಮುಕಿಸಿ ಕೈಗೆ ಕೊಡ್ತಾರೆ. ಈ ಮಾರ್ಕೆಟ್ಟಿನ ಧನ್ವಂತರಿ ರಸ್ತೆ ಕಡೆಯ ಭಾಗ 2016ರ ಆಗಸ್ಟ್‌ನಲ್ಲಿ ಕುಸಿದುಬಿತ್ತು. ಅದಕ್ಕೆ ಮುಂಚೆ 2012ರ ಆಗಸ್ಟ್‌ನಲ್ಲಿ ಹತ್ತಿರದಲ್ಲೇ ಇರೋ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ನಾಲ್ಕು ಜನ ಸತ್ರು, ಹಳೇ ಪುಸ್ತಕ ಹುಡುಕೋಕೆ ನಾವೆಲ್ಲಾ ಹೋಗ್ತಿದ್ದ ಜಾಗ ಅದು. ಅವತ್ತಿಂದ ಕೆಡವಬೇಕಾ, ರಿಪೇರಿ ಮಾಡಬೇಕಾ ಅನ್ನೋ ಜಗಳ, ಒಂದು ಸಮಿತಿ ಹೀಗಂತು, ಪರಂಪರೆ ಬಲ್ಲವರು ಹಾಗಂದ್ರು, ಕೋರ್ಟಿಗೂ ಹೋಯ್ತು. ನನ್ನ ಅಭಿಪ್ರಾಯ ಕೇಳಿದ್ರೆ ಉಳಿಸಬೇಕು, ಗಟ್ಟಿ ಮಾಡಿ ಉಳಿಸಬೇಕು. ನಿಮ್ಮದು ಬೇರೆ ಇರಬಹುದು, ಅಂಗಡಿಯವರದ್ದು ಇನ್ನೂ ಬೇರೆ ಇರಬಹುದು. ಆದ್ರೆ ಪಾಲಿಕೆಯ ಆಸ್ತಿ ಬಗ್ಗೆ ಪಾಲಿಕೆ ಸಭೇಲಿ ಊರಿನ ಪರವಾಗಿ ಎದ್ದು ನಿಂತು ವಾದ ಮಾಡೋಕೆ ಇವತ್ತು ಚುನಾಯಿತರು ಒಬ್ಬರೂ ಇಲ್ಲ ಅನ್ನೋದು ನಮಗೆಲ್ಲಾ ಸಂಕಟ ಆಗಬೇಕಾದ ವಿಷಯ ಅಲ್ವಾ.

ಇದೇ ವರ್ಷ ಏಪ್ರಿಲ್‌ನಲ್ಲಿ ಹೈದರಾಲಿ ರಸ್ತೇಲಿ 40 ಮರ ಕಡಿದ್ರು, ರಸ್ತೆ ಅಗಲ ಮಾಡೋಕೆ ಅಂತ. ಆ ರಸ್ತೇಲಿ ಮಧ್ಯಾಹ್ನ ಹನ್ನೆರಡಕ್ಕೂ ನೆರಳಲ್ಲಿ ನಡೀಬಹುದಿತ್ತು. ನಮ್ಮ ರಾಜ್ಯದ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಐವತ್ತಕ್ಕಿಂತ ಹೆಚ್ಚು ಮರ ಕಡಿಯೋದಾದ್ರೆ ಜನರ ಆಕ್ಷೇಪಣೆ ಕೇಳಬೇಕು, 40 ಅಂದ್ರೆ ಬೇಕಾಗಿಲ್ಲ. ಕಡಿದ ಮೇಲೆ ಜನ ಸೇರಿ ಪ್ರತಿಭಟನೆ ಮಾಡಿದ್ರು, ಆದ್ರೆ ಕಡಿದ ಮರ ಮತ್ತೆ ನಿಲ್ಲಲ್ಲ. ವಾರ್ಡಲ್ಲಿ ಒಬ್ಬ ಸದಸ್ಯ ಇದ್ದಿದ್ರೆ ಮರ ಉಳೀತಿತ್ತು ಅಂತ ನಾನು ಗ್ಯಾರಂಟಿ ಕೊಡಲ್ಲ, ಆದ್ರೆ ಕೊಡಲಿ ಬೀಳೋ ಮುಂಚೆ ಸುದ್ದಿಯಾದ್ರೂ ಸಿಗ್ತಿತ್ತು.

ಕಾರ್ಪೊರೇಟರ್‌ಗಳು ಏನ್ ಸಾಚಾನಾ, ಕಮಿಷನ್ ತಿನ್ನಲ್ವಾ, ಅದಕ್ಕಿಂತ ಐಎಎಸ್ ಆಫೀಸರ್‌ಗಳೇ ವಾಸಿ ಅಂತ ನಮ್ಮ ಮನೇಲೂ ಹೇಳ್ತಾರೆ, ಇಲ್ಲೂ ಕೆಲವರು ತಲೆ ಆಡಿಸ್ತಿದೀರಿ. ಒಳ್ಳೇ ಆಫೀಸರ್‌ಗಳು ಇದಾರೆ, ಇಲ್ಲ ಅನ್ನಲ್ಲ. ಆದ್ರೆ ಅವರು ವರ್ಗ ಆಗಿ ಹೋಗ್ತಾರೆ, ನಮ್ಮ ಚರಂಡಿ ಇಲ್ಲೇ ಇರುತ್ತೆ. ಕೆಟ್ಟ ಕಾರ್ಪೊರೇಟರನ್ನ ಐದು ವರ್ಷಕ್ಕೆ ಮನೆಗೆ ಕಳಿಸಬಹುದು, ಮದುವೆ ಮನೇಲಿ ಊಟಕ್ಕೆ ಪಕ್ಕದಲ್ಲಿ ಕೂತಾಗ ನೀರು ಯಾಕೆ ಬಂದಿಲ್ಲ ಅಂತ ಮುಖಕ್ಕೇ ಕೇಳಬಹುದು, ಆ ಸಲಿಗೆ ಆಫೀಸರ್ ಹತ್ರ ಸಿಗಲ್ಲ.

ಹಳ್ಳಿ ಕಡೆ ನೋಡಿದ್ರೆ ಇನ್ನೂ ಬೇಜಾರಾಗುತ್ತೆ. ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿಗೆ ಕೊನೇ ಚುನಾವಣೆ ಆಗಿದ್ದು 2016ರಲ್ಲಿ, 2021ಕ್ಕೆ ಅವಧಿ ಮುಗೀತು, ಆಗ ಇದ್ದ ಸರ್ಕಾರವೂ ಮಾಡಿಸ್ಲಿಲ್ಲ, ಈಗಿರೋದೂ ಮಾಡಿಸಿಲ್ಲ. ದೇಶಕ್ಕೆ ಪಂಚಾಯ್ತಿ ಅಂದ್ರೆ ಏನು ಅಂತ ಮೊದಲು ತೋರಿಸಿಕೊಟ್ಟ ರಾಜ್ಯಗಳಲ್ಲಿ ನಮ್ಮದೂ ಒಂದು, 1987ರಲ್ಲೇ ಇಲ್ಲಿ ಜಿಲ್ಲಾ ಪರಿಷತ್ ಚುನಾವಣೆ ಆಗಿತ್ತು. ಅದರ ಹಿಂದೆ ಇದ್ದವರು ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್, ಊರೂರಿಗೆ ಬೋರ್‌ವೆಲ್ ಹಾಕಿಸಿ ನೀರ್ ಸಾಬ್ ಅಂತಲೇ ಹೆಸರಾದವರು, ಅವರ ಹೆಸರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆ ಇದೇ ಮೈಸೂರಲ್ಲಿದೆ. ಆ ಮನುಷ್ಯ ಹುಟ್ಟಿದ ನಾಡಲ್ಲಿ ಹೀಗಾಗಿದೆ ಅಂದ್ರೆ ನನಗೆ ನಿಜವಾಗ್ಲೂ ದುಃಖ ಆಗುತ್ತೆ.

ಹಾಗಂತ ನಾವು ಸುಮ್ನೆ ಕೂತಾಗೆಲ್ಲಾ ಸೋತಿದೀವಿ ಹೊರತು ಮಾತಾಡಿದಾಗ ಅಲ್ಲ. 2022ರ ಬಜೆಟ್‌ನಲ್ಲಿ ಚಾಮುಂಡಿ ಬೆಟ್ಟಕ್ಕೆ ರೋಪ್‌ವೇ ಅಂತ ಬಂತು, ಊರೇ ಬೇಡ ಅಂತು, ಸಹಿ ಸಂಗ್ರಹ ಮಾಡಿದ್ರು, ಅದೇ ವರ್ಷ ಕೈಬಿಟ್ರು. ಇವತ್ತು ಬೆಳಿಗ್ಗೆ ಮೆಟ್ಟಿಲು ಹತ್ತಿ ಬಂದೋರು ಇಲ್ಲಿ ಇರ್ತೀರಿ, ನಂದಿ ಹತ್ರ ನಿಂತು ಊರು ನೋಡಿರ್ತೀರಿ, ಆ ಖುಷಿ ಹೀಗೇ ಉಳಿದಿರೋದು ಜನ ಬಾಯಿಬಿಟ್ಟು ಕೇಳಿದ್ದರಿಂದ.

ಈಗ ಹೂಟಗಳ್ಳಿ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಎಲ್ಲಾ ಸೇರಿಸಿ ಬೃಹತ್ ಮೈಸೂರು ಮಾಡೋ ಮಾತು ನಡೀತಿದೆ. ಮಾಡ್ಲಿ, ಊರು ಬೆಳೆದಿದೆ. ಆದ್ರೆ ವಾರ್ಡ್ ಗಡಿ ಹಾಕ್ಬೇಕು, ಮೀಸಲಾತಿ ಪಟ್ಟಿ ಆಗ್ಬೇಕು ಅನ್ನೋದೇ ಚುನಾವಣೆ ಇನ್ನೂ ತಳ್ಳೋಕೆ ನೆಪ ಆಗಬಾರದು. ಅದಕ್ಕೆ ನಂದು ಒಂದು ಕೋರಿಕೆ: ನಮ್ಮ ಶಾಸಕರಿಗೆ, ಉಸ್ತುವಾರಿ ಸಚಿವರಿಗೆ, ರಾಜ್ಯ ಚುನಾವಣಾ ಆಯೋಗಕ್ಕೆ ಸಂಘದ ಲೆಟರ್‌ಹೆಡ್‌ನಲ್ಲಿ ಇವತ್ತೇ ಒಂದೊಂದು ಪತ್ರ ಬರೆಯೋಣ, ಯಾವ ತಿಂಗಳು ಚುನಾವಣೆ ಅಂತ ಲಿಖಿತವಾಗಿ ಕೇಳೋಣ. ನಾಳೆ ವೋಟು ಕೇಳ್ಕೊಂಡು ಬಂದೋರನ್ನ ಅವರೆಕಾಯಿ ಮಾರೋ ಅಮ್ಮಂಗೆ ಜಾಗ ಎಲ್ಲಿ, ಮಾರ್ಕೆಟ್ ಬಗ್ಗೆ ನಿಮ್ಮ ನಿಲುವೇನು, ವಾರ್ಡ್ ಸಮಿತಿ ತಿಂಗಳಿಗೊಮ್ಮೆ ಕರೀತೀರಾ ಅಂತ ಬಾಗಿಲಲ್ಲೇ ನಿಲ್ಲಿಸಿ ಕೇಳೋಣ. ಪತ್ರದ ಕರಡು ಬರ್ಕೊಂಡು ಬಂದಿದೀನಿ, ಈ ಕಡೆಯಿಂದ ಸಹಿಗೆ ಕಳಿಸ್ತೀನಿ, ಏನಾದ್ರೂ ಬಿಟ್ಟು ಹೋಗಿದ್ರೆ ಅದರಲ್ಲೇ ಸೇರಿಸಿ. ಹಿಂದಿನ ಸಾಲಲ್ಲಿ ಆಗ್ಲೇ ಯಾರೋ ಕೈ ಎತ್ತಿದೀರಿ, ಹೇಳಿ ಮೇಡಂ.